ಕೈಗಾದ ವಾಟರ್ ಕೂಲರ್, ಫುಕುಶಿಮಾದ ಟ್ಯಾಂಕ್: ಬೀಟಾ ವಿಕಿರಣಕ್ಕೆ ಎಷ್ಟು ಹೆದರಬೇಕು?

2009ರ ನವೆಂಬರ್. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಎಂದಿನಂತೆ ನೌಕರರ ಮೂತ್ರ ಪರೀಕ್ಷೆ ನಡೆದಿತ್ತು. ಆ ಸಲ ಕೆಲವರ ಮೂತ್ರದಲ್ಲಿ ಟ್ರಿಟಿಯಂ ಎಂಬ ವಿಕಿರಣ ಸೂಸುವ ವಸ್ತು ಜಾಸ್ತಿ ಕಂಡಿತು. ಎಲ್ಲಿಂದ ಬಂತು ಎಂದು ಹುಡುಕಿದಾಗ ಜಾಡು ಹೋಗಿ ನಿಂತಿದ್ದು ಒಂದು ಕುಡಿಯುವ ನೀರಿನ ಕೂಲರ್ ಹತ್ತಿರ. ಟ್ರಿಟಿಯಂ ಇದ್ದ ಭಾರಜಲವನ್ನು (ರಿಯಾಕ್ಟರಿನಲ್ಲಿ ಬಳಸುವ, ತೂಕದ ಹೈಡ್ರೋಜನ್ ಇರುವ ನೀರು) ಯಾರೋ ಬೇಕೆಂದೇ ಅದಕ್ಕೆ ಬೆರೆಸಿದ್ದಾರೆ ಎಂದು ಅಧಿಕಾರಿಗಳು ಹೇಳಿದರು. 50ಕ್ಕೂ ಹೆಚ್ಚು ಜನ ಆ ನೀರು ಕುಡಿದಿದ್ದರು.

ಅವರಿಗೆ ಕೊಟ್ಟ ಚಿಕಿತ್ಸೆ ಏನು ಗೊತ್ತಾ? ನೀರು, ಪಾನೀಯ ಜಾಸ್ತಿ ಕುಡಿಯಿರಿ ಎಂದರು. ಬೇಕಾದವರಿಗೆ ಮೂತ್ರ ಹೆಚ್ಚು ಹೋಗುವ ಔಷಧಿ ಕೊಟ್ಟರು. ಸುದ್ದಿ ಓದಿದ ಎಷ್ಟೋ ಜನಕ್ಕೆ ಇದು ವಿಚಿತ್ರ ಅನಿಸಿತು. ಅಣು ಸ್ಥಾವರದ ವಿಕಿರಣ ಹೊಟ್ಟೆಗೆ ಹೋಗಿದೆ, ಮದ್ದು ಮಾತ್ರ ನೀರೇ ಅಂದರೆ ನಂಬುವುದು ಕಷ್ಟ ಅಲ್ವಾ? ಆದರೆ ಅದು ಸರಿಯಾದ ಚಿಕಿತ್ಸೆಯೇ ಆಗಿತ್ತು. ಯಾಕೆ ಸರಿ ಎಂದು ಅರ್ಥವಾದರೆ, ಜಪಾನಿನ ಫುಕುಶಿಮಾದಿಂದ 2023ರ ಆಗಸ್ಟ್ 24ರಿಂದ ಸಮುದ್ರಕ್ಕೆ ಬಿಡುತ್ತಿರುವ ನೀರಿನ ಜಗಳವೂ ಅರ್ಥವಾಗುತ್ತದೆ. ಅಲ್ಲಿಯ ಮುಖ್ಯ ಪಾತ್ರಧಾರಿಯೂ ಇದೇ ಟ್ರಿಟಿಯಂ. ಅದು ಹೊರಗೆ ಹಾಕುವುದು ಬೀಟಾ ವಿಕಿರಣ.

ಬೀಟಾ ಅಂದರೆ ಏನು ಎಂದು ಮೊದಲು ನೋಡೋಣ. ಟ್ರಿಟಿಯಂ ಎಂಬುದು ಹೈಡ್ರೋಜನ್ನಿನ ತೂಕದ ಅಣ್ಣ. ಅದರ ಪರಮಾಣುವಿನ ನಡುವೆ ಒಂದು ಪ್ರೋಟಾನ್, ಎರಡು ನ್ಯೂಟ್ರಾನ್ ಇರುತ್ತವೆ. ಈ ಜೋಡಣೆ ಗಟ್ಟಿ ನಿಲ್ಲುವುದಿಲ್ಲ. ಒಂದಲ್ಲ ಒಂದು ದಿನ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ. ಆ ಕ್ಷಣದಲ್ಲಿ ಒಂದು ಎಲೆಕ್ಟ್ರಾನ್ ಹುಟ್ಟಿ ಹೊರಗೆ ಚಿಮ್ಮುತ್ತದೆ. ಟ್ರಿಟಿಯಂ ಹೋಗಿ ಹೀಲಿಯಂ ಆಗುತ್ತದೆ. ಹಾಗೆ ಚಿಮ್ಮಿದ ಎಲೆಕ್ಟ್ರಾನೇ ಬೀಟಾ ಕಣ. ಆಲ್ಫಾ, ಬೀಟಾ ಎಂಬ ಹೆಸರು ಕೊಟ್ಟಿದ್ದು ರುದರ್‌ಫೋರ್ಡ್, 1899ರಲ್ಲಿ. ತೆಳು ಹಾಳೆಗೇ ನಿಂತುಬಿಡುವುದು ಆಲ್ಫಾ, ಅದನ್ನು ದಾಟಿ ಹೋಗುವುದು ಬೀಟಾ. ಬೀಟಾ ಎಂದರೆ ಎಲೆಕ್ಟ್ರಾನ್ ಎಂದು ಮರುವರ್ಷ ತೋರಿಸಿದ್ದು ಬೆಕೆರೆಲ್.

ಇಷ್ಟರಲ್ಲೇ ಮುಗಿದಿದ್ದರೆ ಬೀಟಾ ಭೌತಶಾಸ್ತ್ರದ ಒಂದು ಸಣ್ಣ ಪಾಠವಾಗಿ ಉಳಿಯುತ್ತಿತ್ತು. ಆದರೆ ಲೆಕ್ಕ ತಪ್ಪುತ್ತಿತ್ತು. ಒಂದೇ ಬಗೆಯ ಪರಮಾಣು ಒಡೆದಾಗ ಪ್ರತಿ ಸಲವೂ ಅಷ್ಟೇ ಶಕ್ತಿ ಹೊರಬರಬೇಕು. ಬೀಟಾದಲ್ಲಿ ಮಾತ್ರ ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ, ಒಂದು ಸಲ ಇಲ್ಲವೇ ಇಲ್ಲ ಎನ್ನುವಷ್ಟು. 1914ರಲ್ಲಿ ಚಾಡ್ವಿಕ್ ಇದನ್ನು ಅಳೆದು ತೋರಿಸಿದ ಮೇಲೆ ಹದಿನೈದು ವರ್ಷ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡರು. ಕಾಣೆಯಾದ ಶಕ್ತಿಯನ್ನು ಕಣ್ಣಿಗೆ ಬೀಳದ ಇನ್ನೊಂದು ಕಣ ಹೊತ್ತುಕೊಂಡು ಹೋಗುತ್ತಿರಬಹುದು ಎಂದು 1930ರ ಡಿಸೆಂಬರ್ 4ರಂದು ಪೌಲಿ ಒಂದು ಪತ್ರದಲ್ಲಿ ಬರೆದರು. 1934ರಲ್ಲಿ ಫರ್ಮಿ ಅದಕ್ಕೆ ಪೂರ್ತಿ ಸಿದ್ಧಾಂತ ಕಟ್ಟಿದರು. ಆ ಕಣವೇ ನ್ಯೂಟ್ರಿನೋ. 1956ರಲ್ಲಿ ರೈನ್ಸ್ ಮತ್ತು ಕೋವನ್ ಒಂದು ಅಣು ರಿಯಾಕ್ಟರ್ ಪಕ್ಕದಲ್ಲಿ ಅದನ್ನು ಹಿಡಿದೇಬಿಟ್ಟರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೋಗಳನ್ನು ಜಗತ್ತಿನಲ್ಲಿ ಮೊದಮೊದಲು ಗುರುತಿಸಿದ ಜಾಗಗಳಲ್ಲಿ ಒಂದು ನಮ್ಮ ಕೋಲಾರದ ಚಿನ್ನದ ಗಣಿ. 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ನಡೆದ ಕೆಲಸ ಅದು. ಕೆಜಿಎಫ್ ಎಂದಾಗ ಈ ಮಾತೂ ನೆನಪಾಗಬೇಕು ಎಂದು ನನಗೆ ಆಸೆ.

ನ್ಯೂಟ್ರಿನೋ ತೂಕ ಎಷ್ಟು ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅದನ್ನು ತೂಗಲು ಹೊರಟವರು ಆರಿಸಿಕೊಂಡಿದ್ದೂ ಟ್ರಿಟಿಯಂ ಅನ್ನೇ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿರುವ ಕಾಟ್ರಿನ್ ಎಂಬ ಪ್ರಯೋಗದ ಮುಖ್ಯ ಉಪಕರಣ 23 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಉಕ್ಕಿನ ತೊಟ್ಟಿ. ಅದು ತಯಾರಾಗಿದ್ದು 400 ಕಿ.ಮೀ.ನಷ್ಟು ದೂರದ ಡೆಗೆನ್‌ಡಾರ್ಫ್‌ನಲ್ಲಿ. ರಸ್ತೆಯಲ್ಲಿ ತರಲು ಆಗಲಿಲ್ಲ. ಹಾಗಾಗಿ 2006ರಲ್ಲಿ ಡ್ಯಾನ್ಯೂಬ್ ನದಿಗೆ ಇಳಿಸಿ, ಕಪ್ಪು ಸಮುದ್ರ, ಮೆಡಿಟರೇನಿಯನ್, ಅಟ್ಲಾಂಟಿಕ್ ಸುತ್ತಿಸಿ, ರೈನ್ ನದಿಯಲ್ಲಿ ವಾಪಸ್ ಒಳಗೆ ತಂದರು. ಸುಮಾರು 9,000 ಕಿ.ಮೀ. ಪ್ರಯಾಣ. ಟ್ರಿಟಿಯಂನಿಂದ ಹೊರಟ ಎಲೆಕ್ಟ್ರಾನುಗಳಲ್ಲಿ ಅತಿ ಹೆಚ್ಚು ಶಕ್ತಿ ಇರುವ ಕೆಲವನ್ನಷ್ಟೇ ಸೋಸಿ ತೆಗೆಯುವುದು ಈ ತೊಟ್ಟಿಯ ಕೆಲಸ. 2025ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ನ್ಯೂಟ್ರಿನೋ ತೂಕ 0.45 ಎಲೆಕ್ಟ್ರಾನ್ ವೋಲ್ಟ್‌ಗಿಂತ (ಕಣಗಳ ಶಕ್ತಿಯನ್ನೂ ತೂಕವನ್ನೂ ಅಳೆಯುವ ಮಾನ) ಕಡಿಮೆ. ಅಂದರೆ ಎಲೆಕ್ಟ್ರಾನ್ ತೂಕದ ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ.

ಇವರು ಟ್ರಿಟಿಯಂ ಅನ್ನೇ ಯಾಕೆ ಆರಿಸಿದರು? ಅದರ ಬೀಟಾ ತೀರಾ ಮೆತ್ತಗಿನದು ಎಂಬುದು ಒಂದು ದೊಡ್ಡ ಕಾರಣ. ಕೈಗಾದ ನೌಕರರ ವಿಷಯದಲ್ಲಿ, ಫುಕುಶಿಮಾದ ಮೀನಿನ ವಿಷಯದಲ್ಲಿ ಮುಖ್ಯವಾಗುವುದೂ ಇದೇ ಗುಣ.

ಈ "ಮೆತ್ತಗೆ" ಎಂಬುದನ್ನು ನಾನು ಮೊದಲು ಕಣ್ಣಾರೆ ಕಂಡಿದ್ದು ಎಂ.ಎಸ್ಸಿ. ಪ್ರಯೋಗಾಲಯದಲ್ಲಿ. ವಿಕಿರಣ ಎಣಿಸುವ ಜಿ.ಎಂ. (ಗೈಗರ್-ಮ್ಯೂಲರ್) ಕೌಂಟರ್ ಕೆಳಗೆ, ಬೀಟಾ ಹೊಡೆಯುವ ಥ್ಯಾಲಿಯಂ-204 ಇರುವ ಅಂಗಿ ಗುಂಡಿಯಂಥ ಒಂದು ಬಿಲ್ಲೆ. ಚಿಮಟದಲ್ಲಿ ಹಿಡಿದು ಇಡಬೇಕು. ನಡುವೆ ಅಲ್ಯೂಮಿನಿಯಂ ತಗಡು ಒಂದೊಂದಾಗಿ ಸೇರಿಸುತ್ತಾ ಪ್ರತಿ ಸಲ ಎಣಿಕೆ ಬರೆದುಕೊಳ್ಳಬೇಕು. ಮೊದಲು ಕೆಂಪು ಅಂಕಿಗಳು ಓದಲೂ ಆಗದಷ್ಟು ಬೇಗ ಓಡುತ್ತಿದ್ದವು. ಎರಡು ತಗಡು, ನಾಲ್ಕು ತಗಡು. ಓಟ ನಡಿಗೆಯಾಯಿತು. ತಗಡುಗಳ ದಪ್ಪ ಒಟ್ಟು ಒಂದು ಮಿಲಿಮೀಟರ್ ದಾಟುವ ಹೊತ್ತಿಗೆ ಎಣಿಕೆ ಬಿದ್ದುಹೋಯಿತು. ಬಿಲ್ಲೆ ಇಲ್ಲದಿದ್ದರೂ ಸುತ್ತಲಿನ ಗೋಡೆ, ನೆಲ, ಆಕಾಶದಿಂದ ಎಷ್ಟು ಬರುತ್ತದೋ ಅಷ್ಟೇ ಉಳಿಯಿತು.

"ಅಲ್ಯೂಮಿನಿಯಂ ಬದಲು ಸೀಸ ಇಟ್ಟರೆ ಇನ್ನೂ ಒಳ್ಳೇದಲ್ವಾ ಸರ್?" ಎಂದು ಪಕ್ಕದ ಟೇಬಲ್ಲಿನ ಹುಡುಗಿ ಕೇಳಿದಳು.

"ಇಲ್ಲಮ್ಮ, ಬೀಟಾಗೆ ಮೊದಲು ಪ್ಲಾಸ್ಟಿಕ್, ಸೀಸ ಬೇಕಾದರೆ ಆಮೇಲೆ" ಎಂದರು ನಮ್ಮ ಮೇಷ್ಟ್ರು. "ಜೋರಾಗಿ ಬಂದ ಎಲೆಕ್ಟ್ರಾನ್ ಸೀಸದಂಥ ಭಾರದ ಲೋಹಕ್ಕೆ ಹೊಡೆದು ತಟ್ಟನೆ ನಿಂತರೆ ಎಕ್ಸ್‌ರೇ ಹುಟ್ಟತ್ತೆ. ಬೀಟಾ ತಡೆಯೋಕೆ ಹೋಗಿ ಎಕ್ಸ್‌ರೇ ಮೈಮೇಲೆ ಎಳ್ಕೊಂಡ ಹಾಗಾಗತ್ತೆ."

ಜೀವಶಾಸ್ತ್ರದ ಪ್ರಯೋಗಾಲಯಗಳಲ್ಲಿ ಡಿಎನ್ಎ ಗುರುತು ಹಚ್ಚಲು ಫಾಸ್ಫರಸ್-32 ಬಳಸುವವರು ಒಂದು ಸೆಂಟಿಮೀಟರ್ ದಪ್ಪದ ಪರ್ಸ್‌ಪೆಕ್ಸ್ ಎಂಬ ಪ್ಲಾಸ್ಟಿಕ್ ಹಲಗೆಯ ಹಿಂದೆ ಕೂತು ಕೆಲಸ ಮಾಡುವುದು ಇದೇ ಕಾರಣಕ್ಕೆ.

ಈಗ ಟ್ರಿಟಿಯಂ ಲೆಕ್ಕ ನೋಡಿ. ಥ್ಯಾಲಿಯಂ ಬೀಟಾದ ಗರಿಷ್ಠ ಶಕ್ತಿ ಸುಮಾರು 764 ಕಿಲೋ ಎಲೆಕ್ಟ್ರಾನ್ ವೋಲ್ಟ್. ಟ್ರಿಟಿಯಂದು ಬರೀ 18.6. ಗಾಳಿಯಲ್ಲಿ ಅದು ಅರ್ಧ ಸೆಂಟಿಮೀಟರ್ ದಾಟಿ ಹೋಗುವುದೇ ಹೆಚ್ಚು. ನೀರಿನಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗವನ್ನೂ ದಾಟುವುದಿಲ್ಲ. ನಮ್ಮ ಚರ್ಮದ ಮೇಲಿರುವ ಸತ್ತ ಪದರವೇ ಅದನ್ನು ತಡೆದುಬಿಡುತ್ತದೆ. ಹಾಗಾಗಿ ಟ್ರಿಟಿಯಂ ಹೊರಗಿದ್ದರೆ ಅದರ ಬೀಟಾದಿಂದ ಮೈಗೆ ಏನೂ ಆಗದು. ಒಳಗೆ ಹೋದರೆ ಮಾತ್ರ ಪ್ರಶ್ನೆ. ಒಳಗೆ ಹೋದದ್ದು ಬಹುಮಟ್ಟಿಗೆ ನೀರಿನ ರೂಪದಲ್ಲೇ ಇರುತ್ತದೆ. ದೇಹ ಅದನ್ನು ನೀರೆಂದೇ ತಿಳಿಯುತ್ತದೆ. ಬೆವರು, ಉಸಿರು, ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಸುಮಾರು 10 ದಿನಕ್ಕೆ ಅರ್ಧ ಖಾಲಿ. ನೀರು ಜಾಸ್ತಿ ಕುಡಿದರೆ ಇನ್ನೂ ಬೇಗ. ಕೈಗಾದ ಡಾಕ್ಟರುಗಳು ಹೇಳಿದ್ದು ಇದನ್ನೇ.

ಹಾಗಾದರೆ ಬೀಟಾಗೆ ಹೆದರಲೇಬೇಕಿಲ್ಲವಾ? ಇಲ್ಲೇ ನಾವು ಎಡವುವುದು. ಬೀಟಾ ಎಂಬುದು ಮನೆತನದ ಹೆಸರು ಇದ್ದ ಹಾಗೆ. ಅದೇ ಮನೆತನದಲ್ಲಿ ಸ್ಟ್ರಾನ್ಷಿಯಂ-90 ಕೂಡ ಇದೆ. ಅದರ ರಾಸಾಯನಿಕ ಗುಣ ಕ್ಯಾಲ್ಸಿಯಂ ಥರ. ಹಾಲಿನಲ್ಲಿ, ಸೊಪ್ಪಿನಲ್ಲಿ ಒಳಗೆ ಬಂದದ್ದರಲ್ಲಿ ಒಂದು ಪಾಲು ಮೂಳೆಗೆ ಹೋಗಿ ಕೂರುತ್ತದೆ. ವರ್ಷಗಟ್ಟಲೆ ಏಳುವುದಿಲ್ಲ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದುಹೋಗಲು ಬೇಕಾದ ಕಾಲ, ಸುಮಾರು 29 ವರ್ಷ. ಅದು ಒಡೆದು ಹುಟ್ಟುವ ಇಟ್ರಿಯಂ-90 ಮತ್ತೆ ಬೀಟಾ ಹೊಡೆಯುತ್ತದೆ, ಅದೂ 2,280 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ. ಟ್ರಿಟಿಯಂನ ನೂರಿಪ್ಪತ್ತು ಪಟ್ಟು. ರಕ್ತಕಣಗಳು ಹುಟ್ಟುವ ಮೂಳೆಮಜ್ಜೆಗೆ ಒಳಗಿನಿಂದಲೇ, ದಿನವೂ ಏಟು.

ಅಮೆರಿಕದ ಸೇಂಟ್ ಲೂಯಿಸ್ ಊರಿನ ತಾಯಂದಿರಿಗೆ ಇದು ಅರ್ಥವಾಗಿತ್ತು. 1950ರ ದಶಕದಲ್ಲಿ ಬಯಲಿನಲ್ಲಿ ಅಣುಬಾಂಬ್ ಪರೀಕ್ಷೆಗಳು ನಡೆಯುತ್ತಿದ್ದವು. ಆ ಬೂದಿ ಮಳೆಯ ಜೊತೆ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಾಲಿನಲ್ಲಿ ಮಕ್ಕಳಿಗೆ ಬರುತ್ತಿತ್ತು. 1958ರ ಕೊನೆಯಲ್ಲಿ ಅಲ್ಲಿನ ವೈದ್ಯರು, ವಿಜ್ಞಾನಿಗಳು, ಮನೆ ಮನೆಯ ಹೆಂಗಸರು ಸೇರಿ ಮಕ್ಕಳ ಉದುರಿದ ಹಾಲುಹಲ್ಲು ಕೂಡಿಸತೊಡಗಿದರು. ಹಲ್ಲು ಕೊಟ್ಟ ಮಗುವಿಗೆ "ನಾನು ವಿಜ್ಞಾನಕ್ಕೆ ಹಲ್ಲು ಕೊಟ್ಟೆ" ಎಂಬ ಬ್ಯಾಡ್ಜ್. ಮೂರು ಲಕ್ಷದಷ್ಟು ಹಲ್ಲು ಬಂದವು. ಪರೀಕ್ಷೆಗಳು ಹೆಚ್ಚಿದಂತೆ, ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಏರುತ್ತಾ ಹೋಗಿದ್ದು ಕಂಡಿತು. 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಬಯಲು ಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಜನಾಭಿಪ್ರಾಯ ಅತ್ತ ವಾಲುವಲ್ಲಿ ಈ ಪುಟ್ಟ ಹಲ್ಲುಗಳ ಪಾತ್ರವೂ ಇತ್ತು. ಬೀಟಾ ವಿಕಿರಣದ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯ ಇದು.

ಕುಡಿಯುವ ನೀರಿನಲ್ಲಿ ಎಷ್ಟಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಒಂದು ಮಾರ್ಗಸೂಚಿ ಕೊಟ್ಟಿದೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಸ್ಟ್ರಾನ್ಷಿಯಂ-90 ಲೀಟರಿಗೆ 10 ಬೆಕೆರೆಲ್. ಟ್ರಿಟಿಯಂ 10,000. ಎರಡೂ ಬೀಟಾವೇ. ನಡುವೆ ಸಾವಿರ ಪಟ್ಟು ಅಂತರ. "ಇಷ್ಟು ಬೆಕೆರೆಲ್ ವಿಕಿರಣ ಸೋರಿದೆ" ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಬಂದಾಗ ನಾನು ಮೊದಲು ಕೇಳುವುದು ಯಾವ ಪರಮಾಣುವಿನದು ಅಂತ. ಆ ಹೆಸರು ಇಲ್ಲದಿದ್ದರೆ ಆ ಅಂಕಿಯಿಂದ ಹೆದರುವುದಕ್ಕೂ ಆಗುವುದಿಲ್ಲ, ಧೈರ್ಯ ತಂದುಕೊಳ್ಳುವುದಕ್ಕೂ ಆಗುವುದಿಲ್ಲ.

ಈ ಕಣ್ಣಿನಿಂದ ಫುಕುಶಿಮಾ ನೋಡೋಣ. 2011ರ ಸುನಾಮಿಯ ನಂತರ ಕರಗಿಹೋದ ರಿಯಾಕ್ಟರುಗಳನ್ನು ತಣ್ಣಗಿಡಲು ಬಿಟ್ಟ ನೀರು, ಒಳಗೆ ಜಿನುಗಿ ಬಂದ ನೀರು ಎಲ್ಲ ಸೇರಿ 13 ಲಕ್ಷ ಟನ್ ದಾಟಿತು. ಸಾವಿರದಷ್ಟು ಟ್ಯಾಂಕುಗಳಲ್ಲಿ ತುಂಬಿಟ್ಟರು. ಶುದ್ಧೀಕರಣ ಯಂತ್ರ ಅದರಿಂದ ಸ್ಟ್ರಾನ್ಷಿಯಂ, ಸೀಸಿಯಂ ಮುಂತಾದವನ್ನು ಹಿಡಿದು ತೆಗೆಯುತ್ತದೆ. ಟ್ರಿಟಿಯಂ ಮಾತ್ರ ಸಿಗುವುದಿಲ್ಲ. ನೀರಿನೊಳಗೆ ಏನೋ ಕರಗಿದ್ದರೆ ಸೋಸಬಹುದು. ಇಲ್ಲಿ ನೀರೇ ಟ್ರಿಟಿಯಂ ಸೇರಿ ಆದ ನೀರು. ನೀರಿನಿಂದ ನೀರನ್ನು ಸೋಸುವುದು ಹೇಗೆ? ಆದ್ದರಿಂದ ಸಮುದ್ರದ ನೀರು ಬೆರೆಸಿ, ಲೀಟರಿಗೆ 1,500 ಬೆಕೆರೆಲ್‌ಗಿಂತ ಕೆಳಗೆ ಇಳಿಸಿ, ವರ್ಷಕ್ಕೆ 22 ಲಕ್ಷ ಕೋಟಿ ಬೆಕೆರೆಲ್ ಮೀರದಂತೆ ಬಿಡುತ್ತಿದ್ದಾರೆ. ಲಕ್ಷ ಕೋಟಿ ಎಂದಾಗ ಎದೆ ಝಲ್ ಎನ್ನುತ್ತದೆ. ಆದರೆ ಎಲ್ಲಾ ಟ್ಯಾಂಕುಗಳ ಟ್ರಿಟಿಯಂ ಒಟ್ಟು ಮಾಡಿ ತೂಗಿದರೆ ಮೂರು ಗ್ರಾಂ ಕೂಡ ಆಗದು. ಟ್ರಿಟಿಯಂ ಸಮುದ್ರಕ್ಕೆ ಹೊಸದೂ ಅಲ್ಲ. ಕಾಸ್ಮಿಕ್ ಕಿರಣಗಳು ವಾತಾವರಣದಲ್ಲಿ ಅದನ್ನು ದಿನವೂ ತಯಾರಿಸುತ್ತವೆ, ಮಳೆ ಕೆಳಗೆ ತರುತ್ತದೆ.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2023ರ ಜುಲೈನಲ್ಲಿ ಈ ಯೋಜನೆ ಸುರಕ್ಷತಾ ಮಾನದಂಡಕ್ಕೆ ತಕ್ಕಂತಿದೆ ಎಂದಿತು. ನೀರು ಬಿಡಲು ಶುರು ಮಾಡಿದ ದಿನವೇ ಚೀನಾ ಜಪಾನಿನ ಮೀನು, ಸಿಗಡಿ ಎಲ್ಲ ತರಿಸುವುದನ್ನು ನಿಲ್ಲಿಸಿತು. ಟ್ರಿಟಿಯಂ ಮಟ್ಟಿಗೆ ನನ್ನ ಅಭಿಪ್ರಾಯ ಸ್ಪಷ್ಟ: ಈ ಪ್ರಮಾಣದಲ್ಲಿ ಮೀನಿಗೂ ಮನುಷ್ಯನಿಗೂ ಆಗುವ ಅಪಾಯ ಅತಿ ಸಣ್ಣದು. ಹಾಗಂತ ಅಲ್ಲಿಯ ಮೀನುಗಾರರ ಸಿಟ್ಟನ್ನು ಅಜ್ಞಾನ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಕಾರಣ 2018. ಶುದ್ಧ ಮಾಡಿದ್ದೇವೆ ಎಂದು ಟ್ಯಾಂಕಿಗೆ ತುಂಬಿದ ನೀರಿನ ಮುಕ್ಕಾಲಿಗೂ ಹೆಚ್ಚು ಪಾಲಿನಲ್ಲಿ ಸ್ಟ್ರಾನ್ಷಿಯಂನಂಥ ಬೇರೆ ವಸ್ತುಗಳು ಹೊರಬಿಡುವ ಮಿತಿಗಿಂತ ಜಾಸ್ತಿ ಇವೆ ಎಂದು ಆ ವರ್ಷ ಸ್ಥಾವರದ ಕಂಪನಿಯೇ ಒಪ್ಪಿಕೊಂಡಿತು. ಅಲ್ಲಿಯವರೆಗೆ ಜನರ ಎದುರು ಮಾತೆಲ್ಲ ಟ್ರಿಟಿಯಂ ಬಗ್ಗೆಯೇ ಇತ್ತು. ಅಂಥ ನೀರನ್ನು ಮತ್ತೆ ಶುದ್ಧ ಮಾಡಿ, ಅಳೆದು, ಆಮೇಲೆ ಬಿಡುವ ಕ್ರಮ ಈಗ ಇದೆ. ಆದರೆ ಒಂದು ಸಲ ಹೋದ ನಂಬಿಕೆ ಅಷ್ಟು ಬೇಗ ವಾಪಸ್ ಬರುವುದಿಲ್ಲ ಅಲ್ವಾ?

ನಂಬಿಕೆಯ ಮಾತು ಯಾಕೆ ಇಷ್ಟು ಮುಖ್ಯ ಅಂದರೆ, ಟ್ರಿಟಿಯಂ ಅನ್ನು ಜನ ತಾವೇ ಅಳೆಯಲು ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಗೈಗರ್ ಕೌಂಟರ್ ಹಿಡಿದು ಮೀನಿನ ಮೇಲೆ ಆಡಿಸಿದರೆ ಟ್ರಿಟಿಯಂ ಕಾಣುವುದೇ ಇಲ್ಲ. ಅದರ ಬೀಟಾ ಆ ಕೊಳವೆಯ ಗೋಡೆಯನ್ನೇ ದಾಟದು. ಅದಕ್ಕೆ ಬೇರೆ ದಾರಿ. ಕೆಲವು ಮಿಲಿಲೀಟರ್ ನೀರನ್ನು ಒಂದು ಸಣ್ಣ ಬಾಟಲಿಗೆ ಹಾಕಿ, ಎಲೆಕ್ಟ್ರಾನ್ ತಾಗಿದರೆ ಮಿನುಗುವ ದ್ರಾವಣ ಬೆರೆಸಬೇಕು. ಕಲಕಿದರೆ ಒಂದು ಮಂದ ದ್ರವ ಆಗುತ್ತದೆ. ಅದನ್ನು ಬೆಳಕು ತೂರದ ಕತ್ತಲೆ ಡಬ್ಬಿಯಲ್ಲಿ, ಎದುರುಬದುರು ಎರಡು ಬೆಳಕಿನ ಕಣ್ಣುಗಳ ನಡುವೆ ಇಡುತ್ತಾರೆ. ಎರಡೂ ಕಣ್ಣಿಗೆ ಒಟ್ಟಿಗೆ ಮಿನುಗು ಕಂಡರೆ ಒಂದು ಎಣಿಕೆ. ಗಂಟೆಗಟ್ಟಲೆ ಕಾಯಬೇಕು. ಇದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಹಾಗಾಗಿ ಅಳೆಯುವವರು ಯಾರು, ಅಂಕಿಗಳು ಯಾರ ಕೈಗೆ ಸಿಗುತ್ತವೆ ಎಂಬುದೂ ವಿಜ್ಞಾನದಷ್ಟೇ ದೊಡ್ಡ ವಿಷಯ.

ಎರಡೂ ಕಡೆಯವರು ಆಡುವ ಒಂದೊಂದು ಮಾತನ್ನು ತಿದ್ದಬೇಕು. "ಯುರೋಪಿನಲ್ಲಿ ಮಿತಿ ಲೀಟರಿಗೆ ಬರೀ 100 ಬೆಕೆರೆಲ್" ಎಂದು ಹೆದರಿಸುವವರಿದ್ದಾರೆ. ಆ 100 ಅಪಾಯದ ಗೆರೆ ಅಲ್ಲ, ಮೀರಿದರೆ ಬೇರೆ ಏನಾದರೂ ಸೋರುತ್ತಿದೆಯಾ ನೋಡಿ ಎಂದು ಎಚ್ಚರಿಸುವ ಗಂಟೆ. ಕೆನಡಾದಲ್ಲಿ ಮಿತಿ 7,000. ಇನ್ನೊಂದು ಕಡೆ, "ಬಾಳೆಹಣ್ಣಿನಲ್ಲೂ ವಿಕಿರಣ ಇದೆ ಬಿಡ್ರೀ" ಎಂದು ಬಾಯಿ ಮುಚ್ಚಿಸುವವರು. ನಿಜ, ಹಣ್ಣಿನ ಪೊಟ್ಯಾಸಿಯಂನಲ್ಲಿ ಬೀಟಾ ಇದೆ. ನಮ್ಮ ಮೈಯಲ್ಲೇ ಪೊಟ್ಯಾಸಿಯಂನಿಂದ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಪರಮಾಣು ಒಡೆಯುತ್ತವೆ. ಆದರೆ ದೇಹ ತನ್ನ ಪೊಟ್ಯಾಸಿಯಂ ಮಟ್ಟ ಕಾಯ್ದುಕೊಳ್ಳುತ್ತದೆ. ಎಷ್ಟು ಹಣ್ಣು ತಿಂದರೂ ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಮೂಳೆಗೆ ಅಂಟುವ ಸ್ಟ್ರಾನ್ಷಿಯಂಗೆ ಆ ಹೋಲಿಕೆ ಒಪ್ಪುವುದೇ ಇಲ್ಲ. ಟ್ರಿಟಿಯಂ ಬಗ್ಗೆಯೂ ಚರ್ಚೆ ಪೂರ್ತಿ ಮುಗಿದಿಲ್ಲ. ಅದರಲ್ಲಿ ಒಂದು ಸಣ್ಣ ಪಾಲು ಕೊಬ್ಬು, ಪ್ರೋಟೀನಿನ ಅಣುಗಳಿಗೆ ಸೇರಿಕೊಂಡು ಇನ್ನಷ್ಟು ಕಾಲ ಉಳಿಯುತ್ತದೆ. ಮೆತ್ತಗಿನ ಬೀಟಾ ತನ್ನ ಪುಟ್ಟ ದಾರಿಯಲ್ಲೇ ಶಕ್ತಿಯನ್ನೆಲ್ಲ ಸುರಿಯುವುದರಿಂದ, ಅಷ್ಟೇ ಶಕ್ತಿಯ ಗಾಮಾ ಕಿರಣಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಹಾನಿ ಮಾಡಬಹುದು ಎನ್ನುವ ಅಧ್ಯಯನಗಳಿವೆ. ಮೂರು ಪಟ್ಟು ಎಂದೇ ಹಿಡಿದರೂ ಫುಕುಶಿಮಾದ ತೀರ್ಮಾನ ಬದಲಾಗುವುದಿಲ್ಲ. ಆದರೂ ಲೆಕ್ಕದಲ್ಲಿ ಅದು ಇರಬೇಕು.

ಎಲ್ಲಿ ಹೋಗಿ ಕೂರುತ್ತದೆ ಎಂಬುದೇ ಬೀಟಾದ ಕಥೆಯ ತಿರುಳು. ಅಯೋಡಿನ್-131 ಥೈರಾಯ್ಡ್ ಗ್ರಂಥಿಗೆ ಹೋಗುತ್ತದೆ. 1986ರ ಚೆರ್ನೋಬಿಲ್ ನಂತರ ಅದು ಹಾಲಿನಲ್ಲಿ ಮಕ್ಕಳ ಕುತ್ತಿಗೆ ಸೇರಿ ಎಷ್ಟೋ ಜನರಿಗೆ ಕ್ಯಾನ್ಸರ್ ತಂದಿತು. ಅದೇ ಅಯೋಡಿನ್ನನ್ನು ಥೈರಾಯ್ಡ್ ಕ್ಯಾನ್ಸರ್ ವಾಸಿ ಮಾಡಲು ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಮುಂಬೈನ ಟ್ರಾಂಬೆಯ ರಿಯಾಕ್ಟರಿನಲ್ಲಿ ತಯಾರಾಗುವ ಲುಟೀಷಿಯಂ-177 ಹೀಗೆಯೇ. ಗಡ್ಡೆಗೆ ಅಂಟುವ ಅಣುವಿನ ಬೆನ್ನಿಗೆ ಕಟ್ಟಿ ಕಳಿಸಿದರೆ ಅದರ ಬೀಟಾ ಒಂದೆರಡು ಮಿಲಿಮೀಟರ್ ಒಳಗೇ ಕೆಲಸ ಮುಗಿಸುತ್ತದೆ.

ಮತ್ತೆ ಕೈಗಾಕ್ಕೆ. ಕಾಳಿ ನದಿಯ ದಡದಲ್ಲಿ ಈಗ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. 700 ಮೆಗಾವಾಟಿನ ಇನ್ನೆರಡು ಅಲ್ಲೇ ಬರಲಿವೆ. ಎಲ್ಲವೂ ಭಾರಜಲದ ರಿಯಾಕ್ಟರುಗಳು. ಭಾರಜಲಕ್ಕೆ ನ್ಯೂಟ್ರಾನ್ ಬಡಿದರೆ ಟ್ರಿಟಿಯಂ ಹುಟ್ಟುತ್ತದೆ. ಇದನ್ನು ತಪ್ಪಿಸಲು ಆಗದು, ಹಿಡಿತದಲ್ಲಿ ಇಡಬೇಕು. ಅಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರೂ ವರ್ಷಗಟ್ಟಲೆ ಆ ಸುತ್ತಲಿನ ವಿಕಿರಣ ಅಳೆದಿದ್ದಾರೆ. ಅಳೆಯುವ ಕೆಲಸ ಆಗುತ್ತಿದೆ. ಆದರೆ ಆ ಅಂಕಿಗಳು ಇಂಗ್ಲಿಷ್ ಜರ್ನಲುಗಳಲ್ಲಿ, ವರದಿಗಳಲ್ಲಿ ಇದ್ದರೆ ಸ್ಥಾವರದ ಹತ್ತಿರದ ಕದ್ರಾದಲ್ಲಿ ಬಾವಿ ನೀರು ಕುಡಿಯುವವರಿಗೆ ಏನು ಸಿಕ್ಕಿತು? ಪಂಚಾಯಿತಿ ಕಚೇರಿಯ ಗೋಡೆಗೆ ಒಂದು ಫಲಕ ಸಾಕು, ಕನ್ನಡದಲ್ಲಿ, ಮೂರು ತಿಂಗಳಿಗೊಮ್ಮೆ ಬದಲಾಗುವಂಥದ್ದು.

ಅದನ್ನು ಓದುವುದು ಕಷ್ಟವಲ್ಲ. ಉದಾಹರಣೆಗೆ ಬಾವಿ ನೀರಿನಲ್ಲಿ ಟ್ರಿಟಿಯಂ ಲೀಟರಿಗೆ 50 ಬೆಕೆರೆಲ್ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಲೀಟರಿನಂತೆ ವರ್ಷವಿಡೀ ಕುಡಿದರೆ ಆಗುವ ವಿಕಿರಣ ಪ್ರಮಾಣ 0.001 ಮಿಲಿಸೀವರ್ಟ್‌ಗೂ (ವಿಕಿರಣದಿಂದ ಮೈಗೆ ಆಗುವ ಪರಿಣಾಮ ಅಳೆಯುವ ಮಾನ) ಕಡಿಮೆ. ನೆಲ, ಗಾಳಿ, ಆಕಾಶದಿಂದ ಜಗತ್ತಿನ ಒಬ್ಬ ಸಾಮಾನ್ಯ ಮನುಷ್ಯನಿಗೆ ವರ್ಷಕ್ಕೆ ಸಿಗುವುದು ಸರಾಸರಿ 2.4. ಆದರೆ ಫಲಕದಲ್ಲಿ ಸುಮ್ನೆ "ಒಟ್ಟು ಬೀಟಾ" ಎಂದು ಒಂದೇ ಸಾಲು ಬರೆದರೆ ಒಪ್ಪಬಾರದು. ಆ ಪರೀಕ್ಷೆಯಲ್ಲಿ ನೀರನ್ನು ಆವಿ ಮಾಡಿ ತಳದಲ್ಲಿ ಉಳಿದದ್ದನ್ನು ಅಳೆಯುತ್ತಾರೆ. ಟ್ರಿಟಿಯಂ ಆವಿಯ ಜೊತೆಗೇ ಹೋಗಿಬಿಡುತ್ತದೆ. ತಳದಲ್ಲಿ ಉಳಿದದ್ದರಲ್ಲಿ ನೆಲದ ಪೊಟ್ಯಾಸಿಯಂ ಎಷ್ಟು, ಸ್ಟ್ರಾನ್ಷಿಯಂ ಎಷ್ಟು ಎಂದೂ ತಿಳಿಯುವುದಿಲ್ಲ. ಟ್ರಿಟಿಯಂಗೆ ಒಂದು ಸಾಲು, ಸ್ಟ್ರಾನ್ಷಿಯಂಗೆ ಇನ್ನೊಂದು ಸಾಲು ಬೇಕು. ನೀರಿನದು ಬೇರೆ, ಹಾಲಿನದು ಬೇರೆ, ಕದ್ರಾ ಹಿನ್ನೀರಿನ ಮೀನಿನದು ಬೇರೆ.